ಆರು ಗಾಡಿ ಸೌದೆ

ರಜೆಯ ದಿನವೂ ಆ ಪಿಂಗಾಣಿ ಕಾರ್ಖಾನೆಯ ಭಟ್ಟಿಯಿಂದ ತೆಳ್ಳನೆಯ ಹೊಗೆ ಏಳುತ್ತಿತ್ತು. ಲೆಕ್ಕಪತ್ರದ ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ಅದನ್ನು ಕಚೇರಿಯ ಕಿಟಕಿಯಿಂದ ಎಷ್ಟೋ ಸಲ ನೋಡಿದ್ದೆ. ಏಕೆಂದು ಒಮ್ಮೆಯೂ ಕೇಳಿರಲಿಲ್ಲ.

ಅಲ್ಲಿ ಉಪ್ಪಿನಕಾಯಿಯ ಭರಣಿಗಳನ್ನು ಮಾಡುತ್ತಿದ್ದರು. ಆ ವರ್ಷ ವ್ಯಾಪಾರ ಇಳಿದಿತ್ತು. ಯಜಮಾನರಾದ ಶಾಂತವೀರಪ್ಪನವರು ನನ್ನನ್ನು ಕರೆದು, "ಒಂದು ಭರಣಿಗೆ ನಿಜವಾಗಿ ಎಷ್ಟು ಬೀಳುತ್ತೆ, ಎಲ್ಲಿ ಉಳಿಸಬಹುದು, ನೋಡಿ ಹೇಳಿ" ಎಂದರು.

ನಾನು ಖರ್ಚುಗಳನ್ನು ವಿಂಗಡಿಸುತ್ತ ಕುಳಿತೆ. ಜಾಗದ ಬಾಡಿಗೆ, ಕಾವಲುಗಾರನ ಸಂಬಳ ಇವೆಲ್ಲ ಭರಣಿ ಎಷ್ಟೇ ಆದರೂ ಬದಲಾಗದ ಸ್ಥಿರ ವೆಚ್ಚಗಳು. ಜೇಡಿಮಣ್ಣು, ಮೆರುಗಿನ ಪುಡಿ ಭರಣಿಗಳ ಜೊತೆಗೇ ಏರಿಳಿಯುವಂಥವು. ಸೌದೆಯನ್ನೂ ಅದೇ ಸಾಲಿಗೆ ಸೇರಿಸಿದೆ. ಅದು ಹೊಂದಲಿಲ್ಲ. ಎರಡು ಸಾವಿರ ಭರಣಿ ಸುಟ್ಟ ತಿಂಗಳು ಇಪ್ಪತ್ತಾರು ಗಾಡಿ ಸೌದೆ ಹೋಗಿತ್ತು. ಐನೂರು ಸುಟ್ಟ ತಿಂಗಳು ಹನ್ನೊಂದು. ನೂರು ಭರಣಿಗೆ ಒಂದು ಗಾಡಿಯಂತೆ ಕಳೆದರೆ ಎರಡೂ ತಿಂಗಳಲ್ಲಿ ಆರಾರು ಗಾಡಿ ಹೆಚ್ಚಿಗೆ ಉಳಿಯುತ್ತಿತ್ತು. ಒಂದೇ ಒಂದು ಭರಣಿ ಸುಡದಿದ್ದರೂ ಆರು ಗಾಡಿ ಖರ್ಚಾಗುತ್ತದೆ ಎಂದು ಅಂಕಿಗಳು ಹೇಳುತ್ತಿದ್ದವು. ಒಂದು ಪಾಲು ಸ್ಥಿರವಾಗಿದ್ದು ಇನ್ನೊಂದು ಪಾಲು ಬದಲಾಗುವ ಮಿಶ್ರ ವೆಚ್ಚದ ಬಗ್ಗೆ ನಾನು ಓದಿರಲಿಲ್ಲವೆಂದಲ್ಲ. ಆದರೆ ಕಳ್ಳನೊಬ್ಬನನ್ನು ಹಿಡಿದೆನೆಂಬ ಹೆಮ್ಮೆ ಓದನ್ನು ಮರೆಸಿತು.

"ಸುಡದೇ ಇರೋ ಭರಣಿಗೆ ಸೌದೆ ಹೇಗೆ ಹೋಗುತ್ತೆ?" ಎಂದರು ಯಜಮಾನರು.

"ಯಾರೋ ಮನೆಗೆ ಸಾಗಿಸ್ತಿರಬೇಕು" ಎಂದೆ.

ಸೌದೆಯ ಕೊಟ್ಟಿಗೆಯ ಬೀಗದ ಕೈ ಇದ್ದದ್ದು ಒಬ್ಬರ ಹತ್ತಿರ ಮಾತ್ರ. ಇಪ್ಪತ್ತು ವರ್ಷದಿಂದ ಭಟ್ಟಿ ನೋಡಿಕೊಳ್ಳುತ್ತಿದ್ದ ದ್ಯಾವಣ್ಣ. ಮರುದಿನವೇ ಅವರನ್ನು ಕೆಲಸದಿಂದ ಬಿಡಿಸಿದರು. ನನ್ನ ಮೇಜಿನಿಂದ ಭಟ್ಟಿಗೆ ಐವತ್ತು ಹೆಜ್ಜೆ. ಹೋಗಿ ಕೇಳಬಹುದಿತ್ತು.

ರಜೆಯ ದಿನದ ಹೊಗೆ ನಿಂತಿತು. ತಿಂಗಳಿಗೆ ಆರು ಗಾಡಿ ಸೌದೆ ಉಳಿಯಿತು. ಯಜಮಾನರು ಎಲ್ಲರೆದುರಿಗೆ ನನ್ನನ್ನು ಹೊಗಳಿದರು.

ಮೂರು ತಿಂಗಳ ಮೇಲೆ ದೊಡ್ಡದೊಂದು ಬೇಡಿಕೆ ಬಂತು. ದ್ಯಾವಣ್ಣನ ಜಾಗಕ್ಕೆ ಬಂದ ಹೊಸಬರು, ವಾರಗಳಿಂದ ತಣ್ಣಗಿದ್ದ ಭಟ್ಟಿಯನ್ನು ತುಂಬಿ ಜೋರಾಗಿ ಬೆಂಕಿ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಭಟ್ಟಿಯ ಗೋಡೆ ಮೇಲಿನಿಂದ ಬುಡದವರೆಗೆ ಸೀಳಿತು. ಒಳಗಿದ್ದ ಒಂದು ಭರಣಿಯೂ ಉಳಿಯಲಿಲ್ಲ.

ಆ ಸಂಜೆ ನಾನು ದ್ಯಾವಣ್ಣನ ಮನೆ ಹುಡುಕಿಕೊಂಡು ಹೋದೆ. ಅವರು ಜಗಲಿಯ ಮೇಲೆ ಬುಟ್ಟಿ ಹೆಣೆಯುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ತಲೆ ತಗ್ಗಿಸಿಯೇ ಕೇಳಿದರು.

"ಕೆರೆ ಪಕ್ಕದ ನೆಲ ಸ್ವಾಮಿ, ಸದಾ ಒದ್ದೆ. ಕೆಲಸ ಇಲ್ದಿದ್ರೂ ಸಣ್ಣ ಬೆಂಕಿ ಇಡ್ತಾ ಇರ್ಬೇಕು. ಇಲ್ದಿದ್ರೆ ಗೋಡೆ ನೀರು ಕುಡೀತದೆ. ಆಮೇಲೆ ಒಂದೇ ಸಲ ಕಾಸಿದ್ರೆ ತಡ್ಕಳಲ್ಲ."

"ಅವತ್ತೇ ಯಾಕೆ ಹೇಳಲಿಲ್ಲ?"

"ಕೇಳ್ಲಿಲ್ವಲ್ಲ ಯಾರೂ. ಬೀಗದ ಕೈ ಕೊಟ್ಟು ಹೋಗು ಅಂದ್ರು, ಕೊಟ್ಟೆ."

ತಪ್ಪು ನನ್ನದೆಂದು ಯಜಮಾನರಿಗೆ ಹೇಳಿದೆ. ಅವರು ದ್ಯಾವಣ್ಣನನ್ನು ವಾಪಸು ಕರೆಯಲು ನನ್ನನ್ನೇ ಕಳಿಸಿದರು. ದ್ಯಾವಣ್ಣ ಕೆಲಸಕ್ಕೆ ಒಪ್ಪಲಿಲ್ಲ. ಗೋಡೆ ಕಟ್ಟಿ ಮುಗಿದ ಮೇಲೆ ಒಂದು ದಿನ ಮಾತ್ರ ಬಂದು, ಸಣ್ಣ ಬೆಂಕಿ ಇಡುವ ಬಗೆಯನ್ನು ಹೊಸಬರಿಗೆ ತೋರಿಸಿಕೊಟ್ಟರು. ಕೂಲಿ ಮುಟ್ಟಲಿಲ್ಲ.

ಹೊರಟಾಗ ನಾನು ಗೇಟಿನವರೆಗೆ ಜೊತೆಗೆ ನಡೆದೆ. ಕ್ಷಮೆ ಕೇಳಬೇಕೆಂದು ಮಾತು ಜೋಡಿಸಿಕೊಳ್ಳುತ್ತಿದ್ದೆ. ಗೇಟಿನಲ್ಲಿ ಅವರು ನಿಂತರು. ಯಾರೂ ತಪಾಸಣೆಗೆ ಕೇಳದಿದ್ದರೂ ಹೆಗಲ ಮೇಲಿನ ಟವಲನ್ನು ತೆಗೆದು, ಕಾವಲುಗಾರನ ಮುಂದೆ ಎರಡೂ ತುದಿ ಹಿಡಿದು ಬಿಡಿಸಿ, ಒಮ್ಮೆ ಕೊಡವಿದರು. ಆಮೇಲೆ ಅದನ್ನು ಮಡಿಸಿ ಹೆಗಲಿಗೆ ಹಾಕಿಕೊಂಡು ಹೊರಗೆ ನಡೆದರು.