ಓರೆ ಕತ್ತರಿಸಿದ ಮುಂಗೂದಲು

ಹದಿನೆಂಟು ವರ್ಷದಿಂದ ಕಟಿಂಗ್ ಅಂಗಡಿ ನಡೆಸುತ್ತಿದ್ದೇನೆ. ಒಬ್ಬರ ಕಿವಿಯನ್ನೂ ಗೀರಿದವನಲ್ಲ. ಆದರೂ ನನ್ನ ಈ ಹಾಳು ಕೈಯೇ ನನಗೆ ಮುಳುವಾಯಿತು.

ನಾವು ಗಂಡ ಹೆಂಡತಿ ಬೇರೆಯಾದ ಮೇಲೆ ಎಂಟು ವರ್ಷದ ಮಗಳು ತಾಯಿಯ ಹತ್ತಿರ ಇದ್ದಾಳೆ. ನನಗೆ ಸಿಕ್ಕಿದ್ದು ಶನಿವಾರ ಒಂದು ತಾಸು, ಅದೂ ಕೋರ್ಟಿನ ಹಿಂದಿನ ಕೋಣೆಯಲ್ಲಿ, ಕೋರ್ಟಿನವರು ನೇಮಿಸಿದ ಮೇಡಂ ಒಬ್ಬರ ಕಣ್ಣೆದುರು. ನಾಲ್ಕು ಭೇಟಿ ಸುಸೂತ್ರವಾಗಿ ನಡೆದರೆ ಮಗಳನ್ನು ಭಾನುವಾರ ಮನೆಗೆ ಕರೆದೊಯ್ಯಬಹುದಿತ್ತು. ಮೂರು ಮುಗಿದಿದ್ದವು. ಮೂರರಲ್ಲೂ ಅವಳು ನನ್ನ ಮುಖ ನೋಡಲಿಲ್ಲ. ‘ಊಟ ಆಯ್ತಾ ಪುಟ್ಟಿ?’ ಎಂದರೆ ಗೋಡೆ ನೋಡುತ್ತಿದ್ದಳು. ಅಪ್ಪ ಹೊಡೆಯುತ್ತಾನೆ ಅಂತ ಅವಳಮ್ಮ ದಿನಾ ಕಿವಿ ಊದಿದ್ದಾಳೆ. ಸಿಟ್ಟು ನನಗಿದೆ, ಇಲ್ಲ ಅನ್ನುವುದಿಲ್ಲ. ತಟ್ಟೆ ಎಸೆದಿದ್ದೇನೆ. ಮಗುವಿನ ಮೇಲೆ ಮಾತ್ರ ಒಂದು ದಿನವೂ ಕೈ ಎತ್ತಿಲ್ಲ.

ನಾಲ್ಕನೇ ಶನಿವಾರ ಅವಳು ಬಣ್ಣದ ಪೆನ್ಸಿಲ್ ಹಿಡಿದು ನನ್ನ ಪಕ್ಕದ ಕುರ್ಚಿಯಲ್ಲೇ ಕೂತಳು. ಅಬ್ಬಾ, ಬದುಕಿದೆ ಅಂದುಕೊಂಡೆ. ಆಗ ಅವಳ ಮುಂಗೂದಲು ಕಣ್ಣಿಗೆ ಬಿತ್ತು. ಯಾರೋ ಓರೆಕೋರೆ ಕತ್ತರಿಸಿದ್ದರು, ಒಂದು ಕಡೆ ಹುಬ್ಬಿನ ಮೇಲೆ, ಇನ್ನೊಂದು ಕಡೆ ಕಣ್ಣಿಗೇ ಚುಚ್ಚುವಂತೆ. ಹುಟ್ಟುಗೂದಲಿನಿಂದ ಆ ತಲೆ ನನ್ನದೇ ಕೆಲಸ. ಯೋಚಿಸುವ ಮೊದಲೇ ನನ್ನ ಎಡಗೈ ಅಂಗಡಿಯ ಅಭ್ಯಾಸದಂತೆ ಅವಳ ನೆತ್ತಿ ಹಿಡಿದು ತಲೆಯನ್ನು ಬಗ್ಗಿಸಿತು. ಒಂದು ಮಾತೂ ಹೇಳಲಿಲ್ಲ. ಗಿರಾಕಿಗಳಿಗೆ ಯಾರು ಹೇಳಿ ಬಗ್ಗಿಸುತ್ತಾರೆ?

‘ಅಮ್ಮಾ! ಹೊಡೀತಾರೆ!’

ಮಗಳು ಮೇಜಿನ ಕೆಳಗೆ ತೂರಿಕೊಂಡಳು.

‘ಅಯ್ಯೋ, ಕೂದಲು ನೋಡ್ದೆ ಕಣಮ್ಮ, ಅಷ್ಟೇ!’

‘ನೀವು ದೂರ ಸರೀರಿ,’ ಎಂದರು ಮೇಡಂ.

ಹೊರಗೆ ಕೂತಿದ್ದ ಅವಳಮ್ಮ ಓಡಿ ಬಂದಳು. ಅವಳ ಜನ್ಮ ಜಾಲಾಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಮಗಳು ಕಂಡಳು: ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಗಡಗಡ ನಡುಗುತ್ತಿದ್ದಳು. ನಾಟಕವಲ್ಲ. ಆ ಭಯ ತುಂಬಿದ್ದು ಯಾರೇ ಇರಲಿ, ನಡುಗುತ್ತಿದ್ದದ್ದು ನನ್ನ ಕೂಸು.

‘ಇದನ್ನ ನಾನು ಕೋರ್ಟಿಗೆ ಬರೀಲೇಬೇಕು,’ ಎಂದರು ಮೇಡಂ. ‘ಭಾನುವಾರದ ಮಾತು ಸದ್ಯಕ್ಕಿಲ್ಲ. ಇಲ್ಲೇ ಮತ್ತೆ ನಾಲ್ಕು ಭೇಟಿ ಕೇಳ್ಬಹುದು. ಕೇಳ್ತೀರಾ?’

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮತ್ತೆ ನಾಲ್ಕು ಸಲ ಅವಳನ್ನು ಹೀಗೆ ನಡುಗಿಸಲೇ? ನನ್ನಿಂದಾಗದು.

‘ಬೇಡ ಮೇಡಂ. ಭೇಟಿ ನಿಲ್ಸಿಬಿಡಿ.’

ಮೇಜಿನ ಕೆಳಗಿಂದ ಹೊರಬಂದು ಅಮ್ಮನ ಸೆರಗು ಹಿಡಿದು ನಿಂತಿದ್ದ ಮಗಳು ಆಗ ಮೊದಲ ಸಲ ನನ್ನ ಮುಖ ನೋಡಿದಳು.

‘ಅಮ್ಮ ಹೇಳಿದ್ಲು,’ ಎಂದಳು, ‘ಒಂದಿನ ನೀವೇ ನನ್ನ ಬೇಡ ಅಂತೀರ ಅಂತ.’