ಗುಡಿಸಿಟ್ಟ ತೋಟ

ತೋಟದ ಬಾಯಲ್ಲೇ ಸೊಸೆಯ ಕಾಲು ನಿಂತುಬಿಟ್ಟಿತು. ನಿನ್ನೆ ಸಂಜೆ ಮೊಣಕಾಲೆತ್ತರ ಹಸಿರಿದ್ದ ಕಡೆ ಇವತ್ತು ಬರಿಯ ನೆಲ. ಕೋಕೋ ಗಿಡಗಳ ನಡುವೆ ಪೊರಕೆ ಎಳೆದ ಗೆರೆಗಳೂ ಕಾಣುತ್ತಿದ್ದವು.

ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಬೆಳಕು ಹರಿಯುತ್ತಲೇ ಕತ್ತಿ ಹಿಡಿದು ಬಂದಿದ್ದರಂತೆ.

"ಇವತ್ತು ತೋಟ ನೋಡೋಕೆ ಬೆಳೆಗಾರರ ಸಂಘದ ಮೇಡಂ ಬರ್ತಾರೆ ಅಂದ್ಯಲ್ಲ, ಮೂಗು ಮುರೀಬಾರ್ದು ನೋಡು. ನಿನ್ನ ಆ ನೀಲಿ ಹುರಿ ತುಂಡುಗಳನ್ನೆಲ್ಲ ಬಿಚ್ಚಿ ಒಂದು ಕಡೆ ಇಟ್ಟಿದೀನಿ. ಎಸೆದಿಲ್ಲ."

ಆ ಹುರಿಗಳೇ ಗುರುತು. ತಾನಾಗಿ ಹುಟ್ಟಿದ ಕಾಡುಮರದ ಸಸಿಗಳನ್ನು ಎರಡು ವರ್ಷದಿಂದ ಆರಿಸಿ ಆರಿಸಿ ಅವಳು ಅವಕ್ಕೆ ಕಟ್ಟಿದ್ದಳು. ಕಳೆಯ ಜೊತೆ ಆ ಸಸಿಗಳೂ ಹೋಗಿದ್ದವು. ಕೋಕೋ ಜೊತೆ ಕಾಡನ್ನೂ ಬೆಳೆಸುವ ತೋಟಗಳನ್ನು ಮಾತ್ರ ಸಂಘ ಪಟ್ಟಿಗೆ ಸೇರಿಸಿಕೊಳ್ಳುತ್ತಿತ್ತು. ಸೇರಿದವರ ಬೀಜಕ್ಕೆ ಒಳ್ಳೆಯ ಬೆಲೆ. ಸೇರದಿದ್ದರೆ ತೋಟದ ಮೂರು ಹೆಮ್ಮರಗಳನ್ನು ಕೊಡುತ್ತೇನೆಂದು ಗಂಡ ಸಾಮಿಲ್ಲಿನವರಿಗೆ ಮಾತು ಕೊಟ್ಟಾಗಿತ್ತು. ಸುತ್ತಳತೆ ತೆಗೆಯಲು ಅವರು ಇವತ್ತೇ ಸಂಜೆ ಬರುವವರಿದ್ದರು.

ಕೂಗಿಬಿಡಬೇಕು ಅನ್ನಿಸಿತು ಅವಳಿಗೆ. ಯಾರ ಮೇಲೆ ಕೂಗಾಡುವುದು? ನೆಂಟರು ಬರುತ್ತಾರೆಂದು ಮನೆ ಗುಡಿಸುವ ಹಾಗೆ ಆ ಹಿರಿಜೀವ ತೋಟ ಗುಡಿಸಿತ್ತು.

ಮೇಡಂ ಬರುವ ತನಕ ಅವಳು ಕೂತಲ್ಲಿ ಕೂರಲಿಲ್ಲ. ಮನೆಗೂ ದಾರಿಗೂ ಹತ್ತು ಸಲ ಎಡತಾಕಿದಳು. ಕಡಿದ ಸಸಿಯೊಂದನ್ನು ಮಣ್ಣಿಗೆ ಚುಚ್ಚಿ ನಿಲ್ಲಿಸಿ ನೋಡಿದಳು. ತನಗೇ ನಾಚಿಕೆಯಾಗಿ ಕಿತ್ತೆಸೆದಳು.

"ಸಸಿಗಳೆಲ್ಲಿ ಅಮ್ಮ?" ಮೇಡಂ ಫೈಲು ತೆರೆದವರು ಹಾಗೇ ನಿಂತರು.

ಅತ್ತೆ ಪಕ್ಕದಲ್ಲೇ ಇದ್ದರು, ಮುಖದಲ್ಲಿ ಇನ್ನೂ ಹೆಮ್ಮೆ.

"ನಾನೇ ಸವರಿಬಿಟ್ಟೆ ಮೇಡಂ," ಎಂದಳು ಸೊಸೆ. "ಕ್ಲೀನಾಗಿ ಕಾಣ್ಲಿ ಅಂತ. ಬುದ್ಧಿ ಕೆಟ್ಟಿತ್ತು."

ಅತ್ತೆ ಕತ್ತಿಯನ್ನು ಮೆಲ್ಲಗೆ ಸೆರಗಿನ ಮರೆಗೆ ಸರಿಸಿದರು. ಮುಖ ಸಣ್ಣದಾಯಿತು.

ಮೇಡಂ ಬಗ್ಗಿ ನಾಲ್ಕಾರು ಬುಡಗಳನ್ನು ಅಲುಗಿಸಿ ನೋಡಿದರು. "ಬೇರು ಗಟ್ಟಿ ಇದೆ, ಚಿಗುರುತ್ತೆ. ಮೂರು ತಿಂಗಳು ಬಿಟ್ಟು ಮತ್ತೆ ಬರ್ತೀನಿ. ಆದ್ರೆ ಆ ಮೂರು ದೊಡ್ಡ ಮರ ಇದ್ದ ಹಾಗೇ ಇರ್ಬೇಕು. ಅವು ಹೋದ್ರೆ ನಾನು ಬಂದೂ ಪ್ರಯೋಜನ ಇಲ್ಲ."

ಗಂಡ ಕೇಳಿ ಕೆಂಡವಾದ. "ಮೂರು ತಿಂಗಳು ಏನು ಗಾಳಿ ಕುಡಿಯೋದಾ? ಮಾತು ಕೊಟ್ಟಾಗಿದೆ, ತಲೆ ತಿನ್ಬೇಡ." ಬೈದವನು ಊಟ ಬಿಟ್ಟು ಅಂಗಳದಲ್ಲಿ ಶತಪಥ ಹಾಕಿದ.

ಬಿಸಿಲು ಇಳಿಯುವ ಹೊತ್ತಿಗೆ ಸಾಮಿಲ್ಲಿನ ಮೇಸ್ತ್ರಿ ಟೇಪ್ ಹಿಡಿದು ಲಾರಿಯಿಂದ ಇಳಿದ. ಮೊದಲ ಮರದ ಬುಡದಲ್ಲಿ ಅತ್ತೆ ಬೆನ್ನು ಒರಗಿಸಿ ಕಾಲು ನೀಡಿ ಕೂತಿದ್ದರು.

"ಅಮ್ಮಾ, ಸ್ವಲ್ಪ ಏಳ್ತೀರಾ? ಟೇಪ್ ಸುತ್ತಬೇಕು."

"ಏಳಕ್ಕಾಗಲ್ಲ ಕಣಪ್ಪ. ಬೆಳಗ್ಗೆಯಿಂದ ಬಗ್ಗಿ ಬಗ್ಗಿ ಸೊಂಟ ಹಿಡ್ಕೊಂಡಿದೆ."

"ಹಾಗಾದ್ರೆ ಆ ಕಡೆ ಮರ ಅಳೀತೀನಿ."

"ಅಳೀಬೇಡ. ಆಮೇಲೆ ಅಲ್ಲಿಗೂ ಹೋಗಿ ಕೂತ್ಕೋಬೇಕಾಗುತ್ತೆ. ಈ ವಯಸ್ಸಲ್ಲಿ ನನ್ನನ್ಯಾಕೆ ಓಡಾಡಿಸ್ತೀಯಾ?"

ಮೇಸ್ತ್ರಿ ಗಂಡನ ಕಡೆ ನೋಡಿದ. "ಏಳಮ್ಮ," ಎಂದ ಗಂಡ, ಅಷ್ಟೇನೂ ಜೋರಾಗಿ ಅಲ್ಲ. ತಾಯಿ ಕಾಲನ್ನು ಇನ್ನಷ್ಟು ನೀಡಿದರು.

"ಇನ್ನು ಈ ಕಡೆ ಲಾರಿ ಬರಲ್ಲ ಮತ್ತೆ," ಎಂದು ಗೊಣಗುತ್ತ ಮೇಸ್ತ್ರಿ ಟೇಪನ್ನು ಜೇಬಿಗಿಳಿಸಿದ. ಗಂಡ ಅವನ ಹಿಂದೆ ಎರಡು ಹೆಜ್ಜೆ ಹೋಗಿ ನಿಂತುಕೊಂಡ.

ಲಾರಿಯ ಸದ್ದು ಇಳಿಜಾರು ದಾಟುವ ತನಕ ಅತ್ತೆ ಅಲುಗಲಿಲ್ಲ. ಸೊಸೆ ಎಬ್ಬಿಸಲು ಕೈ ಚಾಚಿದಳು. ಅವರು ಕೈ ಹಿಡಿಯದೆ ಕಾಲ ಬಳಿಯ ಬೆರಳುದ್ದದ ಗಿಡವೊಂದನ್ನು ತೋರಿಸಿದರು.

"ಇದೊಂದು ನನ್ನ ಕಣ್ತಪ್ಪಿ ಉಳಿದಿದೆ ನೋಡು. ಇದು ಮರಾನೇನೇ?"

ಅದು ಕಳೆಯಾಗಿತ್ತು.

"ಹೌದು ಅತ್ತೆ," ಎಂದಳು ಸೊಸೆ.