ಎದ್ದು ಹೋಗುವ ಐಟಂ

"ಪೆಟ್ಟಿಗೆ ಸ್ವಲ್ಪ ಎಡಕ್ಕೆ ತಳ್ಳಿ, ಕ್ಯಾಮೆರಾದಲ್ಲಿ ಮಕ್ಕಳ ಮುಖ ಕಾಣ್ಬೇಕಲ್ಲ," ಎಂದರು ಚಂದ್ರಮತಿ ಮೇಡಂ.

ಲತೇಶ್ ತಳ್ಳಿದ. ಚಕ್ರದ ಮೇಜಿನ ಮೇಲೆ ನಾರ್ಬರ್ಟ್ ಸರ್ ಸಲೀಸಾಗಿ ಸರಿದರು. ಬದುಕಿದ್ದಾಗಲೂ ಅವರು ಮೇಡಂ ಹೇಳಿದ ಕಡೆಗೆ ಸರಿದವರೇ. ದುಬೈಯ ಊದ್ ಮೇಥಾದಲ್ಲಿ ಮೇಡಂ ನಡೆಸುವ ಸಂಗೀತ ಶಾಲೆಯಲ್ಲಿ ತಲೆ ನರೆಯುವ ತನಕ ವಯಲಿನ್ ಕಲಿಸಿ, ಮೊನ್ನೆ ಪಾಠದ ನಡುವೆಯೇ ಕುಸಿದಿದ್ದರು. ಹಾಲ್‌ನಲ್ಲಿ ಪ್ರಾರ್ಥನೆ ಮುಗಿದಿತ್ತು. ಮಕ್ಕಳು ಸರ್ ಕಲಿಸಿದ ಐಟಂ ನುಡಿಸಿದ ಮೇಲೆ ಪೆಟ್ಟಿಗೆ ವಿಮಾನ ಹತ್ತಿ ಮಂಗಳೂರಿಗೆ, ಹೆಂಡತಿ ಡೊರೊತಿಯ ಬಳಿಗೆ ಹೋಗಬೇಕು.

ಪೆಟ್ಟಿಗೆಯ ಜೊತೆಗೆ ಗುರುತಿನವರೊಬ್ಬರು ಹೋಗುವುದು ಇಲ್ಲಿನ ರೂಢಿ. ಅದೇ ಶಾಲೆಯ ಕಿರಿಯ ಮೇಷ್ಟ್ರು ಲತೇಶ್‌ಗೆ ಆಸೆ ಹುಟ್ಟಿದ್ದು ಅಲ್ಲಿ. ಅವನ ಹೆಂಡತಿ ವಸಂತಿ ಮೂಡಬಿದಿರೆಯಲ್ಲಿ ಹೆತ್ತಿದ್ದಳು. ಮಗುವನ್ನು ಅವನಿನ್ನೂ ಎತ್ತಿಕೊಂಡಿರಲಿಲ್ಲ. ರಜೆ ಕೇಳಿ ಕೇಳಿ ಬಾಯಿ ಒಣಗಿತ್ತು. ಸರ್ ಸತ್ತ ಸುದ್ದಿ ಬಂದಾಗ ಅವನಿಗೆ ಮೊದಲು ಬಂದದ್ದು ಅಳುವಲ್ಲ, ಟಿಕೆಟ್ಟಿನ ಯೋಚನೆ. ನಾಚಿಕೆಯಿಂದ ಸತ್ತೇ ಹೋದ. ಆದರೂ ಬ್ಯಾಗು ಕಟ್ಟಿದ. ಪಾಸ್‌ಪೋರ್ಟ್ ಮಾತ್ರ, ಎಲ್ಲ ಮೇಷ್ಟ್ರುಗಳದ್ದರಂತೆ, ಮೇಡಂ ಕಪಾಟಿನಲ್ಲಿತ್ತು.

"ಮೇಡಂ, ನನ್ನ ಪಾಸ್‌ಪೋರ್ಟ್..."

"ಐಟಂ ಮುಗೀಲಿ ಮಾರಾಯ್ರೇ. ಅದೆಂತ ಓಡಿ ಹೋಗ್ತದಾ?"

*

ಐಟಂ ಹುಟ್ಟಿದ್ದೂ ರಜೆಯಿಂದಲೇ. ಕೆಲವು ವರ್ಷದ ಹಿಂದೆ ಡೊರೊತಿಗೆ ಆಪರೇಶನ್ ಎಂದು ಸರ್ ಊರಿಗೆ ಹೊರಟಾಗ ಮೇಡಂ, "ವಾರ್ಷಿಕೋತ್ಸವ ಮುಗೀಲಿ," ಎಂದಿದ್ದರು. ಎದುರು ಮಾತಾಡುವ ಜಾಯಮಾನ ಸರ್ ಅವರದ್ದಲ್ಲ. ಲತೇಶ್‌ನನ್ನು ಬಳಿಗೆ ಕರೆದರು.

"೧೭೭೨ರ ಕತೆ ಗೊತ್ತುಂಟಾ ಲತೇಶ್? ಒಬ್ಬ ರಾಜಕುಮಾರ ವಾದ್ಯದವರನ್ನೆಲ್ಲ ತನ್ನ ಬೇಸಗೆ ಅರಮನೆಯಲ್ಲೇ ಕೂಡಿಹಾಕಿದ್ದ. ಹೆಂಡ್ತಿ ಮಕ್ಕಳು ಊರಲ್ಲಿ. ರಜೆ ಕೇಳ್ಲಿಕ್ಕೆ ಯಾರಿಗೆ ಧೈರ್ಯ? ಆಗ ಅವರ ಮೇಳದ ಮುಖ್ಯಸ್ಥ ಹೇಡನ್, ಎಲ್ಲ ವಾದ್ಯ ಸೇರಿ ನುಡಿಸ್ಲಿಕ್ಕೆ ಒಂದು ಸಿಂಫನಿ ಬರೆದ. ಕೊನೆಗೆ ಒಬ್ಬೊಬ್ಬನೇ ನುಡಿಸೋದು ನಿಲ್ಲಿಸಿ, ಎದುರಿನ ಮೇಣದಬತ್ತಿ ಆರಿಸಿ ಎದ್ದು ಹೋಗೋದು. ಕಡೆಗೆ ಉಳಿಯೋದು ಎರಡೇ ವಯಲಿನ್. ರಾಜಕುಮಾರನಿಗೆ ಅರ್ಥ ಆಯ್ತು, ಮಾರನೇ ದಿನವೇ ಎಲ್ರನ್ನೂ ಮನೆಗೆ ಬಿಟ್ಟ. ಮೇಡಮ್ಮಿಗೂ ಅರ್ಥ ಆಗ್ತದೆ, ನೋಡು."

ವಾರ್ಷಿಕೋತ್ಸವದ ವೇದಿಕೆಯಿಂದ ಮಕ್ಕಳು ಒಬ್ಬೊಬ್ಬರಾಗಿ ಎದ್ದು ಹೋದರು. ಕೊನೆಯ ದೀಪ ಆರಿದಾಗ ಮುಂದಿನ ಸಾಲಿನಲ್ಲಿದ್ದ ಮೇಡಂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕಣ್ಣಲ್ಲಿ ನೀರು ಬೇರೆ.

"ಎಂಥಾ ಐಡಿಯಾ ಸರ್! ಇನ್ನು ಪ್ರತಿ ವರ್ಷ ಇದೇ ಇರ್ಲಿ."

ರಜೆ ಸಿಗಲಿಲ್ಲ, ಡೊರೊತಿಯ ಆಪರೇಶನ್ ಗಂಡನಿಲ್ಲದೆಯೇ ಆಯಿತು. ಆಮೇಲೆ ಸರ್ ಪ್ರತಿ ವರ್ಷ ಆ ಐಟಂ ಮಾಡಿಸಿದರು, ಮೇಡಂ ಪ್ರತಿ ವರ್ಷ ಅತ್ತರು.

*

ಇವತ್ತೂ ಹಾಲ್‌ನ ದೀಪ ಆರಿಸಿದ್ದರು. ಮಕ್ಕಳ ಸ್ಟ್ಯಾಂಡಿನ ಪುಟ್ಟ ದೀಪಗಳು ಒಂದೊಂದಾಗಿ ಆರಿದವು. ಲತೇಶ್ ಮತ್ತು ಹುಡುಗಿ ಯಶ್ಮಿತಾ ಕೊನೆಯ ಸ್ವರ ಎಳೆದು ಮುಗಿಸಿದರು. ಅವನು ಕಮಾನು ಕೆಳಗಿಟ್ಟ.

"ಅಯ್ಯೋ, ವಿಡಿಯೋ ಪೂರಾ ಕಪ್ಪು!" ಮೇಡಂ ಮೊಬೈಲ್ ನೋಡಿದರು. "ಇನ್ನೊಮ್ಮೆ. ಮಕ್ಕಳೇ, ಎಲ್ರೂ ಬನ್ನಿ."

"ಮೇಡಂ, ಫ್ಲೈಟಿಗೆ ತಡ ಆಗ್ತದೆ. ಪಾಸ್‌ಪೋರ್ಟ್ ಕೊಟ್ರೆ ನಾನು ಹೊರಡ್ತೇನೆ."

"ನೀವೆಲ್ಲಿಗೆ? ಮಕ್ಕಳ ಎಕ್ಸಾಮ್ ಬಂತಲ್ಲ, ಇನ್ನು ಸರ್ ಕ್ಲಾಸೂ ನಿಮ್ಮದೇ. ಪೆಟ್ಟಿಗೆ ಒಂದೇ ಹೋದ್ರೂ ಕಾರ್ಗೋದವರು ಸರಿಯಾಗಿ ಮುಟ್ಟಿಸ್ತಾರೆ. ನಾನು ಮಾತಾಡಿ ಆಗಿದೆ."

ಆಂಬುಲೆನ್ಸಿನ ಅಬ್ಬಾಸ್ ಬಾಗಿಲಲ್ಲಿ ಇಣುಕಿದ. "ಟೈಮ್ ಖಲಾಸ್ ಮೇಡಂ. ತಕ್ಕೊಂಡು ಹೋಗ್ಲಾ?"

"ಹಿಂದಿನ ಬಾಗಿಲಲ್ಲಿ ಮೆಲ್ಲಗೆ ಹೋಗಿ. ಫ್ರೇಮಿಗೆ ಮಾತ್ರ ಬರ್ಬೇಡಿ."

ಹೊರಗೆ ಹೋಗಿದ್ದ ಮಕ್ಕಳು ಬಂದು ಕೂತರು. ದೀಪಗಳು ಹೊತ್ತಿಕೊಂಡವು. ಲತೇಶ್‌ನ ಜೇಬಿನಲ್ಲಿ ಫೋನ್ ನಡುಗಿತು, ವಸಂತಿಯೇ ಇರಬೇಕು. ಅವನು ವಯಲಿನ್ ಗದ್ದಕ್ಕೆ ಒತ್ತಿಕೊಂಡ. ಮಕ್ಕಳು ಮತ್ತೆ ಒಬ್ಬೊಬ್ಬರಾಗಿ ಎದ್ದರು.

"ಸರ್, ಕ್ಯಾನ್ ವಿ ಗೋ ನೌ?" ಯಶ್ಮಿತಾ ಪಿಸುಗುಟ್ಟಿದಳು.

"ನೀನು ಹೋಗು ಪುಟ್ಟಾ," ಎಂದರು ಮೇಡಂ, ಮೊಬೈಲಿನಿಂದ ಕಣ್ಣು ತೆಗೆಯದೆ. "ಲತೇಶ್, ನೀವು ಏಳ್ಬೇಡಿ. ನುಡಿಸ್ತಾ ಇರಿ."

ಅವಳು ತನ್ನ ದೀಪ ಆರಿಸಿ ಹೋದಳು. ಹಿಂದಿನ ಬಾಗಿಲು ತೆರೆದು, ಮಧ್ಯಾಹ್ನದ ಬಿಸಿಲು ಒಳಗೆ ಬಿತ್ತು. ಪೆಟ್ಟಿಗೆಯ ಚಕ್ರಗಳು ಗಡಗಡ ಎಂದು ಹೊಸ್ತಿಲು ದಾಟಿದವು. ಬಾಗಿಲು ಮುಚ್ಚಿಕೊಂಡಿತು. ಒಂದೇ ದೀಪದ ಕೆಳಗೆ ಲತೇಶ್ ನುಡಿಸುತ್ತಲೇ ಇದ್ದ.